ಹಿತ್ತಲ ಆಪೂಸ್ ಗಿಡ: ಹಳೆ ಎಲೆಯ ತುದಿ ಸುಡುತ್ತಿದೆ, ಚಿಗುರು ಹಳದಿ. ಏನು ಮಾಡಲಿ?

ಹಿತ್ತಲಮನಿ (ವಿಜಯಪುರ), ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ಸೊಲ್ಲಾಪುರ ರಸ್ತೆ ಕಡೆ ನಮ್ಮ ಮನೆ. ಹಿತ್ತಲಲ್ಲಿ ಒಂದೇ ಒಂದು ಮಾವಿನ ಗಿಡ. ಆಪೂಸ್, ಕಸಿ ಗಿಡ. ಅಪ್ಪ ಧಾರವಾಡದಿಂದ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದಿದ್ದರು. ಒಂಬತ್ತು ವರ್ಷ ಆಯಿತು. ಅಪ್ಪ ಈಗ ಇಲ್ಲ.

ಐದನೇ ವರ್ಷಕ್ಕೆ ಮೊದಲ ಹಣ್ಣು ಬಂತು. ಆಪೂಸ್ ಅಂದಮೇಲೆ ಒಂದು ವರ್ಷ ಜಾಸ್ತಿ, ಒಂದು ವರ್ಷ ಕಡಿಮೆ, ಅದು ಗೊತ್ತು. ಈಗಿನ ಕಥೆ ಬೇರೆ. ಹೋದ ಬೇಸಿಗೆಯಿಂದ ಹಳೆ ಎಲೆಗಳು ತುದಿಯಿಂದ ಒಣಗಿಕೊಂಡು ಬರುತ್ತಿವೆ. ಮೊದಲು ತುದಿ, ಆಮೇಲೆ ಅಂಚು ಹಿಡಿದು ಒಳಗೆ. ಕಾಗದಕ್ಕೆ ಬೆಂಕಿ ಹತ್ತಿ ಆರಿದ ಹಾಗೆ ಕಾಣುತ್ತದೆ. ಸುಟ್ಟ ಭಾಗಕ್ಕೂ ಹಸಿರು ಭಾಗಕ್ಕೂ ನಡುವೆ ಒಂದು ಹಳದಿ ಗೆರೆ. ಮುಟ್ಟಿದರೆ ತುದಿ ಹಪ್ಪಳದ ಹಾಗೆ ಮುರಿಯುತ್ತದೆ. ಚಿಗುರಿನದು ಇನ್ನೊಂದು ಥರ: ಎಲೆಯೆಲ್ಲ ತಿಳಿ ಹಳದಿ, ನರ ಮಾತ್ರ ಹಸಿರು.

ಇಲ್ಲಿವರೆಗೆ ಹಾಕಿದ್ದು ಹೇಳಿಬಿಡುತ್ತೇನೆ, ಬೈಯಬೇಡಿ. ಎರಡು ಸಲ 19:19:19 ರಾಸಾಯನಿಕ ಗೊಬ್ಬರ, ಒಂದು ಸಲ ಎಪ್ಸಮ್ ಸಾಲ್ಟ್, ಬೇವಿನ ಹಿಂಡಿ, ಯಾರೋ ಹೇಳಿದರು ಅಂತ ಹುಳಿ ಮಜ್ಜಿಗೆ. ಎಲೆ ಒಣಗುತ್ತಿದೆ ಅಂತ ನೀರೂ ಜಾಸ್ತಿ ಮಾಡಿದೆ. ಮಾಡಿದಷ್ಟೂ ಹದಗೆಡುತ್ತಿದೆ. ಮಣ್ಣು ಎರೆ ಮಣ್ಣು.

ತಿಲಕವಾಡಿ ತೋಟ (ಬೆಳಗಾವಿ), ಫೆಬ್ರವರಿ 9

ಚಿಬ್ಬು ರೋಗ ಇರಬಹುದು ರೀ. ನಮ್ಮ ಕಡೆ ಮಳೆಗಾಲದಲ್ಲಿ ಮಾವಿಗೆ ಇದು ಕಾಯಂ. ಎಲೆ ಮೇಲೆ ಕಪ್ಪು ಚುಕ್ಕೆ ಬಿದ್ದು, ಚುಕ್ಕೆ ಕೂಡಿ ಕೂಡಿ ಎಲೆ ಸುಟ್ಟ ಹಾಗೆ ಆಗುತ್ತದೆ. ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಹಾಕಿ ಸಿಂಪಡಿಸಿ ನೋಡಿ.

ಹಿತ್ತಲಮನಿ, ಫೆಬ್ರವರಿ 9

ಚುಕ್ಕೆ ಎಲ್ಲೂ ಇಲ್ಲ ರೀ. ನೇರ ತುದಿಯಿಂದಲೇ ಶುರು.

ಎರೆಹೊಲ (ಮುಧೋಳ), ಫೆಬ್ರವರಿ 10

ಬೆಳಗಾವಿಯವರ ಮಳೆಗೂ ವಿಜಯಪುರದ ಮಳೆಗೂ ಹೋಲಿಕೆ ಎಲ್ಲಿಯದು? ಚಿಬ್ಬು ರೋಗಕ್ಕೆ ತೇವ ಬೇಕು. ಹೋದ ಬೇಸಿಗೆಯಲ್ಲಿ ಶುರುವಾಯಿತು ಅಂತ ಅವರೇ ಬರೆದಿದ್ದಾರೆ. ಆ ಬಿಸಿಲಿಗೆ ಶಿಲೀಂಧ್ರವೂ ಒಣಗಿ ಹೋಗುತ್ತದೆ.

ಹಳೆ ಎಲೆಯ ಅಂಚು ಒಣಗುತ್ತಿದ್ದರೆ ಪೊಟ್ಯಾಷ್ ಕೊರತೆ. ನಮ್ಮ ಕಬ್ಬಿನಲ್ಲಿ ನೋಡಿದ್ದೇನೆ. ಅರ್ಧ ಕಿಲೋ ಕೆಂಪು ಪೊಟ್ಯಾಷ್ ಹಾಕಿ ನೀರು ಬಿಡಿ, ಎರಡು ತಿಂಗಳಲ್ಲಿ ಎದ್ದು ನಿಲ್ಲುತ್ತದೆ.

ಕರದಂಟು ಗೋಕಾಕ, ಫೆಬ್ರವರಿ 10

ದೃಷ್ಟಿ ಆಗಿದೆ. ಹಳೆ ಚಪ್ಪಲಿ ಕಟ್ಟಿ. (ತಮಾಷೆ, ಅಕ್ಕಾರೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆ ಪೇರಲ ಗಿಡಕ್ಕೆ ನಮ್ಮಜ್ಜಿ ನಿಜವಾಗಿಯೂ ಕಟ್ಟಿದ್ದಾಳೆ.)

ತಿಕೋಟಾ ದ್ರಾಕ್ಷಿ, ಫೆಬ್ರವರಿ 10

ಅಕ್ಕಾರೆ, ಪೊಟ್ಯಾಷ್ ಹಾಕುವ ಮೊದಲು ಸ್ವಲ್ಪ ತಡೆಯಿರಿ. ಅಂಗಡಿಯಲ್ಲಿ ಸಿಗುವ ಆ ಕೆಂಪು ಪೊಟ್ಯಾಷ್ ಅಂದರೆ ಪೊಟ್ಯಾಷಿಯಂ ಕ್ಲೋರೈಡ್. ಅರ್ಧ ಭಾಗದಷ್ಟು ಕ್ಲೋರೈಡೇ ಇರುತ್ತದೆ. ನಿಮ್ಮ ಗಿಡದ ಸಮಸ್ಯೆ ನಾನು ಅಂದುಕೊಂಡದ್ದೇ ಆಗಿದ್ದರೆ, ಅದು ಸುಟ್ಟ ಗಾಯಕ್ಕೆ ಖಾರದಪುಡಿ ಹಚ್ಚಿದ ಹಾಗೆ.

ಯಾವ ನೀರು ಹಾಕುತ್ತೀರಿ, ಅದನ್ನು ಮೊದಲು ಹೇಳಿ. ನೀವು ಬರೆದದ್ದು ಓದಿದಾಗ ನನಗೆ ನಮ್ಮ ಹಳೆ ದ್ರಾಕ್ಷಿ ತೋಟ ಕಣ್ಣಿಗೆ ಬಂತು. ಬೋರಿನ ನೀರು ಸವಳಾದಾಗ ಎಲೆ ಅಂಚು ಹೀಗೇ ಸುಡುತ್ತಿತ್ತು. ಅದಕ್ಕೇ ನಮ್ಮ ಭಾಗದಲ್ಲಿ ಈಗ ಎಲ್ಲರೂ ಡಾಗ್ರಿಜ್ ಅನ್ನುವ ಕಾಡು ದ್ರಾಕ್ಷಿಯ ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಅದು ಉಪ್ಪು ತಡೆಯುತ್ತದೆ. ಮಾವಿಗೆ ಆ ತಾಕತ್ತು ಇಲ್ಲ. ಹಣ್ಣಿನ ಗಿಡಗಳಲ್ಲಿ ಉಪ್ಪಿಗೆ ಬೇಗ ಸೋಲುವುದು ಮಾವು ಮತ್ತು ಲಿಂಬಿ ಜಾತಿ.

ಹಿತ್ತಲಮನಿ, ಫೆಬ್ರವರಿ 10

ಬೋರಿನ ನೀರೇ ಅಣ್ಣಾರೆ. ಆದರೆ ಇದೇ ಬೋರ್, ಇದೇ ನೀರು, ಮೊದಲ ಆರೇಳು ವರ್ಷ ಗಿಡ ಚೆನ್ನಾಗಿಯೇ ಇತ್ತಲ್ಲ? ಬೋರ್ ನೀರು ಕೆಟ್ಟದ್ದಾಗಿದ್ದರೆ ಸಣ್ಣ ಸಸಿ ಇದ್ದಾಗಲೇ ಸಾಯಬೇಕಿತ್ತು, ಅಲ್ವಾ?

ತಿಕೋಟಾ ದ್ರಾಕ್ಷಿ, ಫೆಬ್ರವರಿ 10

ಅದೂ ಸರಿಯೇ. ಉಪ್ಪು ವರ್ಷ ವರ್ಷ ಕೂಡುತ್ತಾ ಹೋಗುತ್ತದೆ, ಹಾಗಾಗಿ ತಡವಾಗಿ ಕಾಣಬಹುದು. ಆದರೂ ಒಮ್ಮೆಲೇ ಹೀಗೆ ಬಂದಿದ್ದಕ್ಕೆ ಬೇರೆ ಏನೋ ಇರಬೇಕು. ನನಗೂ ತಿಳಿಯುತ್ತಿಲ್ಲ.

ಹೊಸ ಚಿಗುರು, ಫೆಬ್ರವರಿ 11

ಮೇಡಂ, ನಮ್ಮಲ್ಲಿ ಎಲ್ಲಾ ಪೋಷಕಾಂಶ ಇರುವ ಸಾವಯವ ಟಾನಿಕ್ ಇದೆ. ಒಂದು ಲೀಟರ್ 850 ರೂಪಾಯಿ. 15 ದಿನದಲ್ಲಿ ಗ್ಯಾರಂಟಿ ರಿಸಲ್ಟ್. ಇನ್‌ಬಾಕ್ಸ್ ಮಾಡಿ.

ಕರದಂಟು ಗೋಕಾಕ, ಫೆಬ್ರವರಿ 11

ಇದಕ್ಕಿಂತ ಚಪ್ಪಲಿ ಅಗ್ಗ.

ನಿವೃತ್ತ ಕೃಷಿ ಸಹಾಯಕ (ಬಸವನ ಬಾಗೇವಾಡಿ), ಫೆಬ್ರವರಿ 11

ತಂಗಿ, ಎಲ್ಲರೂ ಔಷಧಿ ಹೇಳುತ್ತಿದ್ದಾರೆ, ಗಿಡ ನೋಡಿದವರು ಯಾರೂ ಇಲ್ಲ. ನಾನೂ ನೋಡಿಲ್ಲ. ಹಾಗಾಗಿ ನನ್ನ ಪರವಾಗಿ ನೀನೇ ನೋಡಬೇಕು.

ನಾಳೆ ಬೆಳಿಗ್ಗೆ ಗಿಡದ ಸುತ್ತ ನಿಧಾನ ಒಂದು ಸುತ್ತು ಹಾಕು. ಮೊದಲು ಬೊಡ್ಡೆ ನೋಡು. ಎಲ್ಲಾದರೂ ತೂತು ಇದೆಯಾ, ತೂತಿನ ಕೆಳಗೆ ಕಟ್ಟಿಗೆ ಪುಡಿ ಬಿದ್ದಿದೆಯಾ? ಇದ್ದರೆ ಕಾಂಡ ಕೊರೆಯುವ ಹುಳು. ಅಂಟು ಸುರಿದಿದೆಯಾ? ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೆ ಇದೆಯೋ, ಗೊಬ್ಬರ ಹಾಕಿ ಹಾಕಿ ಮುಚ್ಚಿ ಹೋಗಿದೆಯೋ? ಎಲೆ ಹಿಂದೆ ಬಿಳಿ ಹಿಟ್ಟಿನಂಥ ತಿಗಣೆ, ಎಲೆ ಮೇಲೆ ಕಾಡಿಗೆ ಹಚ್ಚಿದಂಥ ಕಪ್ಪು, ಇವು ಇದ್ದರೆ ಹೇಳು.

ಆಮೇಲೆ ಮುಖ್ಯವಾದದ್ದು. ಸುಟ್ಟ ಎಲೆಗಳು ಗಿಡದ ನಾಲ್ಕೂ ದಿಕ್ಕಿಗೆ ಒಂದೇ ಸಮ ಇವೆಯಾ, ಒಂದು ಮಗ್ಗಲಿಗೆ ಜಾಸ್ತಿ ಇವೆಯಾ? ಹೂ ಯಾವ ಮಗ್ಗಲಿಗೆ ಬಂದಿದೆ?

ಹಿತ್ತಲಮನಿ, ಫೆಬ್ರವರಿ 12

ಕಾಕಾ, ನೀವು ಹೇಳಿದ ಹಾಗೆ ನೋಡಿದೆ. ಬೊಡ್ಡೆ ಸ್ವಚ್ಛ ಇದೆ. ತೂತು, ಪುಡಿ, ಅಂಟು ಏನೂ ಇಲ್ಲ. ಕಸಿ ಗಂಟು ನೆಲದಿಂದ ಒಂದು ಗೇಣು ಮೇಲಿದೆ. ತಿಗಣೆ ಇಲ್ಲ.

ಆದರೆ ದಿಕ್ಕಿನ ಪ್ರಶ್ನೆ ಕೇಳಿದಿರಲ್ಲ, ಅಲ್ಲಿ ನಿಂತೇಬಿಟ್ಟೆ. ಇಷ್ಟು ದಿನ ಅಡುಗೆಮನೆ ಕಿಟಕಿಯಿಂದ ನೋಡಿ ಗಿಡ ಪೂರ್ತಿ ಹೋಯಿತು ಅಂತ ಅಳುತ್ತಿದ್ದೆ. ಪಡುವಣ ಮಗ್ಗಲಿಗೆ, ಅಂದರೆ ಕಾಂಪೌಂಡ್ ಕಡೆಗೆ, ಎಲೆ ಹಸಿರು! ತುದಿ ಅಲ್ಲಲ್ಲಿ ಸ್ವಲ್ಪ ಒಣಗಿದೆ ಅಷ್ಟೇ. ಹೂವೂ ಅದೇ ಕಡೆ ಇದೆ. ಅಡುಗೆಮನೆ ಕಡೆಗಿನ ಮೂರು ದೊಡ್ಡ ಟೊಂಗೆಗಳೇ ಸುಟ್ಟಿರುವುದು. ಆ ಕಡೆ ಒಂದೂ ಹೂ ಇಲ್ಲ.

ನಿವೃತ್ತ ಕೃಷಿ ಸಹಾಯಕ, ಫೆಬ್ರವರಿ 12

ಭೇಷ್. ಗಿಡದ ಯಾವ ಮಗ್ಗಲಿನ ಬೇರು ಏನು ಕುಡಿಯುತ್ತದೋ ಬಹುತೇಕ ಅದೇ ಮಗ್ಗಲಿನ ಟೊಂಗೆಗೆ ಹೋಗುತ್ತದೆ. ಅಡುಗೆಮನೆ ಕಡೆ ನೆಲದಲ್ಲಿ ಏನಿದೆ? ಬಚ್ಚಲ ನೀರು ಹೋಗುತ್ತದೆಯಾ? ಸಾಬೂನು, ಬಟ್ಟೆ ತೊಳೆಯುವ ಯಂತ್ರದ ನೀರು?

ಹಿತ್ತಲಮನಿ, ಫೆಬ್ರವರಿ 12

ಇಲ್ಲ ಕಾಕಾ, ಬಚ್ಚಲದ್ದು ಮುಂದಿನ ಗಟಾರಿಗೆ ಹೋಗುತ್ತದೆ.

ಹಿತ್ತಲಮನಿ, ಫೆಬ್ರವರಿ 12, ರಾತ್ರಿ

ಸಿಕ್ಕಿತು. ಸಿಕ್ಕಿದ್ದು ನಾನಾಗಿ ಅಲ್ಲ. ಊಟಕ್ಕೆ ಕೂತಾಗ ಅವ್ವನಿಗೆ ಸುಮ್ನೆ ಕೇಳಿದೆ, "ಆ ಕಡೆ ಏನಾದರೂ ಹಾಕ್ತೀಯಾ?" ಅಂತ. "ನಾ ಏನ್ ಹಾಕ್ಲಿವಾ, ಫಿಲ್ಟರಿಂದು ನೀರು ತಾನs ಹೋಗ್ತದಲ್ಲ" ಅಂದಳು.

ಎರಡು ವರ್ಷದ ಹಿಂದೆ ಆರ್‌ಓ ಫಿಲ್ಟರ್ ಕೂರಿಸಿದೆವು. ಅದರ ವೇಸ್ಟ್ ನೀರಿನ ಸಣ್ಣ ಬಿಳಿ ಪೈಪು ಸಿಂಕಿಗೆ ಬಿಟ್ಟಿದ್ದರು. ಕೊಡಗಟ್ಟಲೆ ನೀರು ಗಟಾರು ಸೇರುವುದು ಅವ್ವನಿಗೆ ನೋಡಲಾಗಲಿಲ್ಲ. ಪ್ಲಂಬರಿಗೆ ಹೇಳಿ ಕಿಟಕಿಯ ಸಂದಿಯಿಂದ ಹೊರಗೆ ತೆಗೆಸಿ, ಗಿಡದ ಪಾತಿಗೆ ಬಿಡಿಸಿದ್ದಾಳೆ. ನಾನು ಆಗ ಆಫೀಸಿನಲ್ಲಿ. ಎರಡು ವರ್ಷ ಆ ಪೈಪು ನನ್ನ ಕಣ್ಣ ಮುಂದೆಯೇ ಇತ್ತು.

ಟಾರ್ಚ್ ಹಿಡಿದು ಹೋದೆ. ಪೈಪಿನ ಬಾಯಿ ಇರುವ ಕಡೆ ಮಣ್ಣು ಕರ್ರಗೆ ಹಸಿ. ಅದರ ಸುತ್ತ ಒಣಗಿದ ಅಂಚಿನಲ್ಲಿ ಬೂದಿ ಚೆಲ್ಲಿದ ಹಾಗೆ ಬಿಳಿ ಪೊರೆ. ಕುರ್ಚಿಗಿಯಿಂದ ಕೆರೆದರೆ ಹೆಕ್ಕಳೆ ಹೆಕ್ಕಳೆಯಾಗಿ ಎದ್ದು ಬಂತು. ಚೂರು ನಾಲಿಗೆ ತುದಿಗೆ ಇಟ್ಟೆ. ಉಪ್ಪು, ಹಿಂದೆಯೇ ಸ್ವಲ್ಪ ಕಹಿ.

ತಿಕೋಟಾ ದ್ರಾಕ್ಷಿ, ಫೆಬ್ರವರಿ 13

ಅಯ್ಯೋ ಅಕ್ಕಾರೆ! ಇದಕ್ಕಿಂತ ಸ್ಪಷ್ಟ ಬೇಕಾ?

ಆರ್‌ಓ ಅಂದರೆ ಉಪ್ಪನ್ನು ಸುಟ್ಟು ಬಿಡುವ ಯಂತ್ರ ಅಲ್ಲ. ಒಳಗೆ ಹೋದ ನೀರಿನ ಉಪ್ಪನ್ನೆಲ್ಲ ಗುಡಿಸಿ ವೇಸ್ಟ್ ನೀರಿಗೆ ಹಾಕುತ್ತದೆ. ಮೂರು ಕೊಡ ಒಳಗೆ ಹೋದರೆ ಒಂದು ಕೊಡ ಸಿಹಿ ನೀರು, ಎರಡು ಕೊಡ ವೇಸ್ಟ್. ಮೂರು ಕೊಡದ ಉಪ್ಪು ಆ ಎರಡು ಕೊಡದಲ್ಲಿ ಕೂತಿರುತ್ತದೆ. ನಾನು ಶನಿವಾರ ಎಪಿಎಂಸಿಗೆ ಬರುತ್ತಿದ್ದೇನೆ. ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ನನ್ನ ಟಿಡಿಎಸ್ ಮೀಟರ್ ಕೊಟ್ಟು ಹೋಗುತ್ತೇನೆ, ಅಳೆದು ನೋಡಿ.

ಹಿತ್ತಲಮನಿ, ಫೆಬ್ರವರಿ 15

ಅಣ್ಣಾರೆ ಮೀಟರ್ ಕೊಟ್ಟು ಹೋದರು, ಚಹಾನೂ ಕುಡಿಯದೆ. ಅಳೆದದ್ದು ಹೀಗಿದೆ. ಬೋರ್ ನೀರು 1140. ಫಿಲ್ಟರಿನ ಕುಡಿಯುವ ನೀರು 80. ಪೈಪಿನಿಂದ ಗಿಡಕ್ಕೆ ಹೋಗುತ್ತಿದ್ದದ್ದು 1660. ನಳದ ನೀರು 310. ಇದೆಲ್ಲ ಲೀಟರಿಗೆ ಮಿಲಿಗ್ರಾಂ ಅಂತ ಮೀಟರ್ ಮೇಲೆ ಬರೆದಿದೆ.

ನಮ್ಮ ಮನೆಯಲ್ಲಿ ಅಡುಗೆಗೂ ಸೇರಿ ದಿನಕ್ಕೆ 15 ಲೀಟರ್ ಫಿಲ್ಟರ್ ನೀರು ಬೇಕು. ಅಂದರೆ ಗಿಡಕ್ಕೆ ಸುಮಾರು 30 ಲೀಟರ್ ವೇಸ್ಟ್. ಮಗಳಿಗೆ ಲೆಕ್ಕ ಹಾಕು ಅಂದೆ. ದಿನಕ್ಕೆ ಹತ್ತಿರ ಹತ್ತಿರ 50 ಗ್ರಾಂ ಉಪ್ಪು, ವರ್ಷಕ್ಕೆ 18 ಕಿಲೋ ಅಂದಳು. ಎರಡು ವರ್ಷಕ್ಕೆ 36 ಕಿಲೋ. ನಮ್ಮ ಮನೆಗೆ ತಿಂಗಳಿಗೆ ಒಂದು ಕಿಲೋ ಉಪ್ಪು ಸಾಕು.

ಎರೆಹೊಲ, ಫೆಬ್ರವರಿ 15

ಅದೆಲ್ಲ ಅಡುಗೆ ಉಪ್ಪಲ್ಲ ಅಕ್ಕಾರೆ. ಅರ್ಧಕ್ಕೂ ಹೆಚ್ಚು ಸುಣ್ಣ, ಮೆಗ್ನೀಷಿಯಂ, ಬೈಕಾರ್ಬೊನೇಟ್ ಇರಬಹುದು. ಆದರೂ ಲೆಕ್ಕ ನೋಡಿ ಎದೆ ಝಲ್ ಅಂತು. ನನ್ನ ಪೊಟ್ಯಾಷ್ ಸಲಹೆ ವಾಪಸ್ ತೆಗೆದುಕೊಂಡೆ. ಹಾಕಲೇಬೇಕು ಅಂದರೆ ಬಿಳಿದು, ಸಲ್ಫೇಟ್ ರೂಪದ್ದು. ಅದೂ ಈಗ ಬೇಡ.

ಹಿತ್ತಲಮನಿ, ಫೆಬ್ರವರಿ 15

ಪೈಪು ಅವತ್ತೇ ತೆಗೆದೆ. ಆದರೆ ಮನೆಯಲ್ಲಿ ಯುದ್ಧ. ಅವ್ವ ಹುಟ್ಟಿದ್ದು ದೇವರ ಹಿಪ್ಪರಗಿ ಕಡೆ ಒಂದು ಹಳ್ಳಿ. ಚಿಕ್ಕವಳಿದ್ದಾಗ ಎರಡು ಮೈಲಿ ನಡೆದು ತಲೆ ಮೇಲೆ ನೀರು ಹೊತ್ತವಳು. "ನೀರ ಚೆಲ್ಲಿದ್ರ ಪಾಪ ಬರ್ತದ, ಗಿಡಕ್ಕ ನೀರ ಹಾಕಿದ್ರ ಗಿಡ ಸಾಯ್ತದ ಅಂತ ಯಾವ ಶಾಸ್ತ್ರದಾಗ ಐತಿ?" ಅಂತ ಎರಡು ದಿನ ಮಾತು ಬಿಟ್ಟಿದ್ದಾಳೆ. ಅವಳ ಕೈಯಿಂದಲೇ ಆಯಿತು ಅಂತ ಹೇಳುವ ಧೈರ್ಯ ನನಗಿಲ್ಲ.

ನಿವೃತ್ತ ಕೃಷಿ ಸಹಾಯಕ, ಫೆಬ್ರವರಿ 15

ಹೇಳಬೇಡ. ಅವ್ವ ಹೇಳುವುದರಲ್ಲಿ ತಪ್ಪಿಲ್ಲ. ನಮ್ಮೂರ ನೀರಿನ ಕಷ್ಟ ಇವತ್ತಿನದಲ್ಲ. ವಿಜಯಪುರಕ್ಕೆ ಸಿಹಿ ನೀರು ತರಲು ಆದಿಲ್‌ಶಾಹಿಗಳು ತೊರವಿಯಿಂದ ಸುರಂಗ ತೋಡಿಸಿದರು. 1651ರಲ್ಲಿ ಬೇಗಂ ತಲಾಬ್ ಕಟ್ಟಿ ಮಣ್ಣಿನ ಕೊಳವೆಯಲ್ಲಿ ಊರೊಳಗೆ ನೀರು ಹರಿಸಿದರು. ಇಂಥ ಊರಿನಲ್ಲಿ ನೀರು ಚೆಲ್ಲಬೇಡ ಅನ್ನುವವರಿಗೆ ಕೈ ಮುಗಿಯಬೇಕು.

ಆ ನೀರನ್ನು ಒಂದು ಡ್ರಮ್ಮಿಗೆ ಬಿಡಿ. ನೆಲ ಒರೆಸಲು, ಸಂಡಾಸಿಗೆ, ಅಂಗಳ ತೊಳೆಯಲು ಬಳಸಿ. ತೆಂಗು ಇದ್ದರೆ ಅದು ಸ್ವಲ್ಪ ಉಪ್ಪು ತಡೆಯುತ್ತದೆ. ಬಾರಿ ಗಿಡವೂ ತಡೆಯುತ್ತದೆ. ಚಿಕ್ಕು ಮಾವಿಗಿಂತ ವಾಸಿ. ಮಾವು, ಲಿಂಬಿ, ಮಲ್ಲಿಗೆ ಕುಂಡ ಇವುಗಳ ಹತ್ತಿರ ಸುಳಿಯಬಾರದು.

ಇಂಡಿ ಲಿಂಬಿ, ಫೆಬ್ರವರಿ 16

ಕಾಕಾ, ಇದನ್ನು ಓದಿ ಈಗಷ್ಟೇ ಎದ್ದು ಹೋಗಿ ನಮ್ಮ ಮನೆ ಫಿಲ್ಟರ್ ಪೈಪು ನೋಡಿ ಬಂದೆ. ಕರಿಬೇವಿಗೆ ಹೋಗುತ್ತಿದೆ. ತೆಗೆದೆ.

ಹಿತ್ತಲಮನಿ, ಫೆಬ್ರವರಿ 16

ಸರಿ, ಪೈಪು ತೆಗೆದಾಯಿತು. ಮಣ್ಣಲ್ಲಿ ಕೂತ ಉಪ್ಪು? ಅಂಗಡಿಯವರು ಜಿಪ್ಸಂ ಹಾಕಿ ಅಂದರು. 25 ಕಿಲೋ ಚೀಲ ತರಲಾ?

ತಿಕೋಟಾ ದ್ರಾಕ್ಷಿ, ಫೆಬ್ರವರಿ 16

ಪರೀಕ್ಷೆ ಮಾಡಿಸದೆ ತರಬೇಡಿ. ಜಿಪ್ಸಂ ಕೆಲಸ ಮಾಡುವುದು ಮಣ್ಣಿನಲ್ಲಿ ಸೋಡಿಯಂ ಜಾಸ್ತಿ ಕೂತಿದ್ದರೆ. ಬರೀ ಉಪ್ಪು ಜಾಸ್ತಿ ಇದ್ದರೆ ಜಿಪ್ಸಂ ಕೂಡ ಇನ್ನೊಂದು ಉಪ್ಪು ಅಷ್ಟೇ. ನಿಮ್ಮ ಎಪ್ಸಮ್ ಸಾಲ್ಟ್, 19:19:19 ಕೂಡ ಉಪ್ಪೇ, ಗೊತ್ತಲ್ಲ? ಉಪ್ಪಿನಕಾಯಿ ಭರಣಿಗೆ ಮತ್ತೆ ಉಪ್ಪು ಸುರಿದಿರಿ.

ಹಿಟ್ನಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು, ನೀರು ಎರಡೂ ಕೊಟ್ಟು ಬನ್ನಿ. ಮಣ್ಣು ತೆಗೆಯುವಾಗ ಪೈಪಿನ ಕಡೆಯದು ಬೇರೆ, ಕಾಂಪೌಂಡ್ ಕಡೆಯದು ಬೇರೆ ಚೀಲ. ಎರಡನ್ನೂ ಕೂಡಿಸಿದರೆ ಏನೂ ತಿಳಿಯುವುದಿಲ್ಲ. ಮೇಲಿನ ಬಿಳಿ ಪೊರೆ ತೆಗೆದು ಒಂದು ಅಡಿ ಆಳದವರೆಗಿನ ಮಣ್ಣು ತೆಗೆಯಿರಿ.

ನಿವೃತ್ತ ಕೃಷಿ ಸಹಾಯಕ, ಫೆಬ್ರವರಿ 16

ಇನ್ನೊಂದು ಕೆಲಸ. ಪಾತಿಯ ಅಂಚಿನಲ್ಲಿ ಒಂದೂವರೆ ಅಡಿ ಗುಂಡಿ ತೋಡಿ ಸಂಜೆ ನೀರು ತುಂಬು. ಬೆಳಿಗ್ಗೆ ಎಷ್ಟು ಉಳಿದಿದೆ ಹೇಳು.

ಮತ್ತೆ ಆ ಹಳದಿ ಚಿಗುರು. ಅದು ಕಬ್ಬಿಣದ ಕೊರತೆ. ಒಂದು ಹಿಡಿ ಒಣ ಮಣ್ಣಿಗೆ ಲಿಂಬಿ ರಸ ಇಲ್ಲವೇ ವಿನೆಗರ್ ಹನಿಸಿ ಕಿವಿ ಹತ್ತಿರ ಹಿಡಿ.

ಹಿತ್ತಲಮನಿ, ಫೆಬ್ರವರಿ 18

ವಿನೆಗರ್ ಹಾಕಿದ ತಕ್ಷಣ ಬುಸ್ ಅಂತು ಕಾಕಾ, ಸೋಡಾ ಬಾಟಲಿ ತೆಗೆದ ಹಾಗೆ. ಮಗಳು ಮೂರು ಸಲ ಮಾಡಿಸಿದಳು.

ಗುಂಡಿಗೆ ಸಂಜೆ ಆರಕ್ಕೆ ನೀರು ತುಂಬಿದೆ. ಬೆಳಿಗ್ಗೆ ಆರಕ್ಕೆ ನಾಲ್ಕು ಬೆರಳಷ್ಟು ಇನ್ನೂ ನಿಂತಿತ್ತು. ಒಂದು ಕಪ್ಪೆಯೂ ಇತ್ತು.

ನಿವೃತ್ತ ಕೃಷಿ ಸಹಾಯಕ, ಫೆಬ್ರವರಿ 18

ಅಂದುಕೊಂಡ ಹಾಗೇ ಇದೆ. ಬುಸ್ ಅಂದರೆ ಮಣ್ಣಲ್ಲಿ ಸುಣ್ಣ ತುಂಬಿದೆ. ನಮ್ಮ ಎರೆ ಮಣ್ಣಿನಲ್ಲಿ ಇದು ಸಾಮಾನ್ಯ. ಇಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ನೀರು ನಿಂತು ಬೇರು ಉಸಿರುಗಟ್ಟಿದರೆ ಇನ್ನೂ ಸಿಗುವುದಿಲ್ಲ. ನೀನು ನೀರು ಜಾಸ್ತಿ ಮಾಡಿದ್ದು ಅದಕ್ಕೇ ತಿರುಗುಬಾಣ ಆಯಿತು. ತುದಿ ಸುಟ್ಟಿದ್ದು ಉಪ್ಪಿನಿಂದ, ಚಿಗುರು ಹಳದಿ ಆಗಿದ್ದು ಸುಣ್ಣ ಮತ್ತು ನಿಂತ ನೀರಿನಿಂದ. ಒಂದೇ ಗಿಡದಲ್ಲಿ ಎರಡು ಬೇನೆ, ಹಾಗಾಗಿ ಎಲ್ಲರಿಗೂ ಗೊಂದಲ.

ಚಿಗುರಿಗೆ ಸದ್ಯ ಎಲೆ ಮೇಲೆ ಸಿಂಪಡಿಸು. ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಲೀಟರ್ ನೀರಿಗೆ 5 ಗ್ರಾಂ. ಜೊತೆಗೆ ಸಿಟ್ರಿಕ್ ಆಸಿಡ್ 1 ಗ್ರಾಂ. ಫಿಲ್ಟರಿನ ಸಿಹಿ ನೀರಿನಲ್ಲೇ ಕಲಸು, ಬೋರ್ ನೀರು ಬೇಡ. ತಿಳಿ ಹಸಿರು ಬಣ್ಣ ಇರಬೇಕು. ತುಕ್ಕಿನ ಬಣ್ಣ ಬಂದಿದ್ದರೆ ಚೆಲ್ಲಿಬಿಡು. ಬಿಸಿಲು ಇಳಿದ ಮೇಲೆ ಸಿಂಪಡಿಸು, 15 ದಿನಕ್ಕೊಮ್ಮೆ, ಮೂರು ಸಲ. ಹೂ ಇರುವ ಕಡೆ ಈಗ ಹೋಗಬೇಡ.

ಎರೆಹೊಲ, ಫೆಬ್ರವರಿ 18

ಒಂದು ಮಾತು ಸೇರಿಸುತ್ತೇನೆ. ಅಂಗಡಿಯಲ್ಲಿ "ಚಿಲೇಟೆಡ್ ಐರನ್" ಅಂತ ಕೊಡುತ್ತಾರೆ. ಇಡಿಟಿಎ ಅಂತ ಬರೆದದ್ದನ್ನು ನಮ್ಮ ಮಣ್ಣಿಗೆ ಸುರಿದರೆ ದುಡ್ಡು ದಂಡ. ಪಿಎಚ್ 8ರ ಮೇಲಿದ್ದರೆ ಅದು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಮಣ್ಣಿಗೇ ಕೊಡಬೇಕು ಅಂದರೆ ಇಡಿಡಿಎಚ್‌ಎ ಅಂತ ಇರಬೇಕು. ಅದು ತುಟ್ಟಿ. ನಾನು ಒಂದು ವರ್ಷ ಇಡಿಟಿಎ ಸುರಿದು ಕಲಿತ ಪಾಠ ಇದು.

ತಿಲಕವಾಡಿ ತೋಟ, ಫೆಬ್ರವರಿ 19

ನಮ್ಮ ಕೆಂಪು ಮಣ್ಣಿನಲ್ಲಿ ನೀರು ಬಿಟ್ಟ ಅರ್ಧ ಗಂಟೆಗೆ ಕಾಣೆ. ನೀವು ಹೇಳುವುದೆಲ್ಲ ನನಗೆ ಬೇರೆ ದೇಶದ ಕಥೆ ಇದ್ದ ಹಾಗೆ ಇದೆ. ಸಿಂಪಡಿಸಿ ಅಂದಿದ್ದಕ್ಕೆ ಕ್ಷಮಿಸಿ.

ಹಿತ್ತಲಮನಿ, ಮಾರ್ಚ್ 6

ರಿಪೋರ್ಟ್ ಬಂತು. ಪೈಪಿನ ಕಡೆ ಮಣ್ಣು: ಪಿಎಚ್ 8.2, ಇಸಿ (ಅಂದರೆ ಮಣ್ಣಿನ ಉಪ್ಪಿನ ಅಳತೆ) 1.9. ಕಾಂಪೌಂಡ್ ಕಡೆ: ಪಿಎಚ್ 8.1, ಇಸಿ 0.7. ಸೋಡಿಯಂ ಜಾಸ್ತಿ ಇಲ್ಲ, ಉಪ್ಪು ಜಾಸ್ತಿ ಇದೆ, ಸಿಹಿ ನೀರಿನಿಂದ ತೊಳೆಯಬೇಕು, ಜಿಪ್ಸಂ ಬೇಡ ಅಂದರು. ನಡುವೆ ಹತ್ತು ಅಡಿ ಅಂತರ, ಉಪ್ಪು ಮೂರು ಪಟ್ಟು ಹತ್ತಿರ.

ನಿವೃತ್ತ ಕೃಷಿ ಸಹಾಯಕ, ಮಾರ್ಚ್ 6

ತೊಳೆಯಬೇಕು ಅಂತ ಹೇಳುವುದು ಸುಲಭ. ಒಂದು ಅಡಿ ಮಣ್ಣಿನ ಮೂಲಕ ಅರ್ಧ ಅಡಿ ಸಿಹಿ ನೀರು ಇಳಿದರೆ ಸುಮಾರು ಅರ್ಧ ಉಪ್ಪು ಕೆಳಗೆ ಹೋಗುತ್ತದೆ. ಒಂದು ಅಡಿ ನೀರು ಇಳಿದರೆ ನೂರಕ್ಕೆ 80ರಷ್ಟು. ಇದು ಹಳೆ ಲೆಕ್ಕ. ಆದರೆ ನೀರು ಇಳಿದು ಹೋಗಲು ದಾರಿ ಬೇಕಲ್ಲ? ನಿನ್ನ ಗುಂಡಿಯಲ್ಲಿ ಕಪ್ಪೆ ಕೂತಿದೆ.

ಹಾಗಾಗಿ ಮೊದಲು ಮೇಲಿನ ನಾಲ್ಕು ಇಂಚು ಮಣ್ಣು ಕೆರೆದು ಹೊರಗೆ ಹಾಕು. ಹುಷಾರು, ಸಣ್ಣ ಬೇರುಗಳು ಮೇಲೆಯೇ ಇರುತ್ತವೆ, ಗುದ್ದಲಿ ಬೇಡ, ಕುರ್ಚಿಗಿ ಸಾಕು. ಟೊಂಗೆಯ ನೆರಳು ಬೀಳುವ ಅಂಚಿನಲ್ಲಿ, ಬೊಡ್ಡೆಯಿಂದ ದೂರ, ಎರಡು ಕಡೆ ಮೂರು ಅಡಿ ಆಳದ ಕಿರಿದಾದ ಗುಂಡಿ ತೋಡಿಸಿ ಗರಸು, ಉಸುಕು ತುಂಬಿಸು. ಆಮೇಲೆ ಹೊಸ ಮಸಾರಿ (ಕೆಂಪು) ಮಣ್ಣು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಹರಡು. ಹಸಿ ಗೊಬ್ಬರ ಬೇಡ.

ಬೇಸಿಗೆ ಪೂರ್ತಿ ಮೇಲೆ ಹೊದಿಕೆ ಇರಲಿ. ಬಿಸಿಲಿಗೆ ನೀರು ಆವಿಯಾದಂತೆ ಕೆಳಗಿನ ಉಪ್ಪು ಮೇಲೆ ಎಳೆದುಕೊಂಡು ಬರುತ್ತದೆ. ಆ ಬಿಳಿ ಪೊರೆ ಬರುವುದೇ ಹಾಗೆ.

ಎರೆಹೊಲ, ಮಾರ್ಚ್ 6

ಹೊದಿಕೆಗೆ ಕಬ್ಬಿನ ರವದಿ (ಒಣ ಗರಿ) ಬೇಕಾದರೆ ನಮ್ಮ ಹೊಲದಲ್ಲಿ ರಾಶಿ ಇದೆ. ಸುಡುವ ಬದಲು ನಿಮಗೇ ಕೊಡುತ್ತೇನೆ, ಮುಧೋಳಕ್ಕೆ ಬಂದರೆ. ಇಲ್ಲದಿದ್ದರೆ ತೊಗರಿ ಹೊಟ್ಟು ನಿಮ್ಮಲ್ಲೇ ಸಿಗುತ್ತದೆ. ಬೊಡ್ಡೆಗೆ ತಾಗದ ಹಾಗೆ ಒಂದು ಗೇಣು ಬಿಟ್ಟು ಹಾಕಿ, ಇಲ್ಲವಾದರೆ ಗೆದ್ದಲು ಹತ್ತುತ್ತದೆ.

ತಿಕೋಟಾ ದ್ರಾಕ್ಷಿ, ಮಾರ್ಚ್ 7

ಸಿಹಿ ನೀರು ದುಡ್ಡು ಕೊಟ್ಟು ಟ್ಯಾಂಕರ್ ತರಿಸಬೇಡಿ. ಎಷ್ಟೋ ಟ್ಯಾಂಕರ್ ತರುವುದೂ ಬೋರ್ ನೀರೇ. ನಿಮ್ಮ ಮಾಳಿಗೆ ಎಷ್ಟು ದೊಡ್ಡದು? 1000 ಚದರಡಿ ಇದ್ದರೆ ಒಂದು ಇಂಚು ಮಳೆಗೆ 2300 ಲೀಟರಿಗೂ ಮೇಲೆ ನೀರು ಇಳಿಯುತ್ತದೆ. ನಿಮ್ಮ ಕೆಟ್ಟ ಪಾತಿ 8 ಅಡಿ, 6 ಅಡಿ ಅಂದುಕೊಂಡರೆ ಒಂದು ಅಡಿ ನೀರು ನಿಲ್ಲಿಸಲು 1360 ಲೀಟರ್ ಸಾಕು. ಮಳೆ ನೀರಿನಲ್ಲಿ ಉಪ್ಪು ಇಲ್ಲವೇ ಇಲ್ಲ ಅನ್ನಬಹುದು. ಮಾಳಿಗೆಯ ಪೈಪು ಪಾತಿಗೆ ತಿರುಗಿಸಿ. ಅದೇ ಕಿಟಕಿ ಸಂದಿ, ಅದೇ ಪ್ಲಂಬರ್.

ಅಲ್ಲಿವರೆಗೆ ನಳದ ನೀರು ಬಂದ ದಿನ ಮಾತ್ರ ಹಾಕಿ. ಮೇಲಿನ ಒಂದು ಗೇಣು ಮಣ್ಣು ಒಣಗಿದ ಮೇಲೆ. ದಿನಾ ಸ್ವಲ್ಪ ಸ್ವಲ್ಪ ಬೇಡ.

ಹಿತ್ತಲಮನಿ, ಏಪ್ರಿಲ್ 20

ಎಲ್ಲಾ ಮಾಡಿದೆ. ಆದರೆ ಎಲೆ ಇನ್ನೂ ಹಾಗೇ ಇವೆ. ಕೆಲವು ಉದುರುತ್ತಿವೆ. ಎದೆ ಒಡೆದು ಹೋಗುತ್ತಿದೆ. ಸುಟ್ಟ ಎಲೆ ಕತ್ತರಿಸಲಾ?

ನಿವೃತ್ತ ಕೃಷಿ ಸಹಾಯಕ, ಏಪ್ರಿಲ್ 20

ಕತ್ತರಿಸಬೇಡ. ಅರ್ಧ ಹಸಿರು ಇದ್ದರೂ ಅದು ಅನ್ನ ಬೇಯಿಸುವ ಎಲೆ. ಈ ಬಿಸಿಲಿನಲ್ಲಿ ಟೊಂಗೆ ಬರಿದಾದರೆ ತೊಗಟೆ ಸುಡುತ್ತದೆ. ಒಮ್ಮೆ ಸುಟ್ಟ ತುದಿ ತಿರುಗಿ ಹಸಿರಾಗುವುದಿಲ್ಲ, ಅದನ್ನು ನೋಡುತ್ತಾ ಕೂರಬೇಡ. ಇನ್ನು ಬರುವ ಚಿಗುರು ಹೇಳುತ್ತದೆ. ಉಗುರಿನಿಂದ ಸಣ್ಣ ಕಡ್ಡಿ ಕೆರೆದು ನೋಡು, ಒಳಗೆ ಹಸಿರು ಇದೆಯಾ?

ಹಿತ್ತಲಮನಿ, ಏಪ್ರಿಲ್ 21

ಹಸಿರು ಇದೆ ಕಾಕಾ. ಎರಡು ಕಡ್ಡಿ ಮಾತ್ರ ಒಣಗಿವೆ.

ನಿವೃತ್ತ ಕೃಷಿ ಸಹಾಯಕ, ಏಪ್ರಿಲ್ 21

ಆ ಎರಡನ್ನು ಹಸಿರು ಬರುವವರೆಗೆ ಕತ್ತರಿಸಿ ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣದ ಲೇಪ) ಹಚ್ಚು. ಉಳಿದದ್ದು ಮಳೆಗೆ ಬಿಡು.

ಕರದಂಟು ಗೋಕಾಕ, ಜೂನ್ 14

ಮಳೆ ಬಂತಾ ವಿಜಯಪುರಕ್ಕೆ? ನಮ್ಮ ಕಡೆ ಶುರುವಾಗಿದೆ. ಈ ಗಿಡದ ಕಥೆ ಧಾರಾವಾಹಿ ಥರ ಕಾಯುತ್ತಿದ್ದೇನೆ.

ಹಿತ್ತಲಮನಿ, ಜೂನ್ 14

ಎರಡು ಸಲ ಬಂತು. ಮೊದಲ ಮಳೆಗೆ ಮಾಳಿಗೆಯ ಕಸ, ಪಾರಿವಾಳದ ಪುಕ್ಕ ಎಲ್ಲಾ ಪಾತಿಗೇ ಬಂತು. ಎರಡನೇ ಸಲ ಮೊದಲೇ ಗುಡಿಸಿದ್ದೆ. ಪಾತಿ ತುಂಬಿ ಮರುದಿನ ಮಧ್ಯಾಹ್ನದೊಳಗೆ ಇಳಿದಿತ್ತು. ಗರಸಿನ ಗುಂಡಿ ಕೆಲಸ ಮಾಡುತ್ತಿದೆ. ಕಾಂಪೌಂಡ್ ಕಡೆಯ ಟೊಂಗೆಯಿಂದ 23 ಕಾಯಿ ಇಳಿಸಿದೆವು. ಅವ್ವ ಎಣಿಸಿದ್ದು.

ಹಿತ್ತಲಮನಿ, ಸೆಪ್ಟೆಂಬರ್ 27

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಈ ತಿಂಗಳು ಮಳೆ ಚೆನ್ನಾಗಿ ಬಿತ್ತು. ನಮ್ಮ ಕಡೆ ಮಳೆ ಅಂದರೆ ಸೆಪ್ಟೆಂಬರಿನದೇ ಅಲ್ವಾ.

ಅಡುಗೆಮನೆ ಕಡೆಯ ಟೊಂಗೆಗಳಲ್ಲಿ ಚಿಗುರು ಬಂದಿದೆ. ಮೊದಲ ವಾರ ತಾಮ್ರದ ಬಣ್ಣ, ಮುಟ್ಟಿದರೆ ರೇಷ್ಮೆ. ಈಗ ಹಸಿರಿಗೆ ತಿರುಗಿವೆ. ಇಡೀ ಎಲೆ ಹಸಿರು, ನರ ಯಾವುದು ಎಲೆ ಯಾವುದು ಅಂತ ಹುಡುಕಬೇಕು. ನಿನ್ನೆ ಒಂದೊಂದೇ ಎಲೆ ಹಿಡಿದು ತುದಿ ನೋಡಿದೆ. 40 ಎಲೆಯಲ್ಲಿ ಮೂರಕ್ಕೆ ಮಾತ್ರ ತುದಿ ಸ್ವಲ್ಪ ಕಂದು. ಹಳೆ ಸುಟ್ಟ ಎಲೆ ಅರ್ಧ ಉದುರಿವೆ, ಉಳಿದವು ಹಾಗೇ ನೇತಾಡುತ್ತಿವೆ. ಮಣ್ಣು ಮತ್ತೆ ಹಿಟ್ನಳ್ಳಿಗೆ ಕೊಟ್ಟಿದ್ದೆ. ಪೈಪಿನ ಕಡೆ ಇಸಿ ಈಗ 0.9.

ಅವ್ವನ ಡ್ರಮ್ಮಿಗೆ ಈಗ ಮುಚ್ಚಳವೂ ಬಂದಿದೆ. ನೆಲ ಒರೆಸುವುದು ಅದರಿಂದಲೇ. ಉಳಿದದ್ದು ಪಕ್ಕದ ಮನೆ ತೆಂಗಿಗೆ ಹೋಗುತ್ತದೆ, ಕೊಡ ಹೊತ್ತು ಅವಳೇ ಹಾಕಿ ಬರುತ್ತಾಳೆ. ಮಾಳಿಗೆ ಪೈಪು ನೋಡಿ "ಇದು ಬರೋಬ್ಬರಿ ಆತು ನೋಡು" ಅಂದಳು. ಹಳೆ ಪೈಪಿನ ಮಾತು ಇಬ್ಬರೂ ಎತ್ತಿಲ್ಲ.

ನಿವೃತ್ತ ಕೃಷಿ ಸಹಾಯಕ, ಸೆಪ್ಟೆಂಬರ್ 27

ಸಂತೋಷ ಆಯಿತು ತಂಗಿ. ಇನ್ನು ಅಕ್ಟೋಬರ್ ಕೊನೆಯಿಂದ ನೀರು ನಿಲ್ಲಿಸು, ಹೂ ಕಾಣುವವರೆಗೆ ಬೇಡ. ಆಪೂಸಿಗೆ ಆ ಬಾಯಾರಿಕೆ ಬೇಕು. ಈ ಸಲ ಆ ಮೂರು ಟೊಂಗೆಯಿಂದ ಜಾಸ್ತಿ ಕಾಯಿ ಆಸೆ ಪಡಬೇಡ, ಬಂದರೂ ಅರ್ಧ ಹೀಚು ತೆಗೆದುಬಿಡು. ಜನವರಿಯಲ್ಲಿ ಹೂವಿಗೆ ಬೂದಿ ರೋಗ, ಜಿಗಿಹುಳು ಬರುತ್ತವೆ. ಆಗ ಬರೆ. ಪಕ್ಕದವರ ತೆಂಗಿಗೂ ಮಳೆಗಾಲದಲ್ಲಿ ಆ ನೀರು ಸಾಕು ಮಾಡಿಸು. ಅದಕ್ಕೂ ಒಂದು ಮಿತಿ ಇದೆ.

ಇಂಡಿ ಲಿಂಬಿ, ಸೆಪ್ಟೆಂಬರ್ 28

ಕರಿಬೇವು ಚಿಗುರಿದೆ, ಹೇಳಲು ಮರೆತಿದ್ದೆ.

ತಿಕೋಟಾ ದ್ರಾಕ್ಷಿ, ಸೆಪ್ಟೆಂಬರ್ 28

ಅಕ್ಕಾರೆ, ಗಿಡ ಬದುಕಿದ್ದು ಖುಷಿ. ನಮ್ಮ ತೋಟದಲ್ಲಿ ಮುಂದಿನ ವಾರದಿಂದ ಚಾಟ್ನಿ (ಬಳ್ಳಿ ಕತ್ತರಿಸುವುದು) ಶುರು, ನೀರು ಅಳೆಯಬೇಕು. ಮೀಟರ್ ಫೆಬ್ರವರಿಯಿಂದ ನಿಮ್ಮಲ್ಲೇ ಇದೆ.

ಹಿತ್ತಲಮನಿ, ಸೆಪ್ಟೆಂಬರ್ 28

ಅಯ್ಯೋ ಅಣ್ಣಾರೆ! ಶನಿವಾರ ಎಪಿಎಂಸಿಗೆ ಬಂದರೆ ಮನೆಗೇ ಬನ್ನಿ. ಈ ಸಲ ಚಹಾ ಕುಡಿಯದೆ ಕಳಿಸುವುದಿಲ್ಲ. ಫಿಲ್ಟರ್ ನೀರಿನದೇ ಚಹಾ, 80.